ನಟರ ಋಣ

ಮರಣಹೊಂದಿದವರಿಗೆ ನಾವು ತೋರಿಸುವ ಗೌರವವು ಅವರಿಗೆ ಮುಟ್ಟುವುದೋ ಇಲ್ಲವೋ ಯಾರೂ ಹೇಳಲಾರರು. ಆದರೂ ಅದನ್ನು ಸಲ್ಲಿಸದಿದ್ದರೆ ಏನೋ ಬಾಕಿಯುಳಿಯಿತೆಂಬ ಭಾವನೆ ನಮ್ಮನ್ನು ಬಿಡದು. ಈ ಬಾಕಿ ಯಾವ ಬಗೆಯದೆಂಬುದು ವಿಚಾರಮಾಡತಕ್ಕ ಸಂಗತಿ. ನಮ್ಮನ್ನು ನಗಿಸಿ ಅಳಿಸಿ ಹೋದ ನಟನಟಿಯರ ವಿಷಯದಲ್ಲಂತೂ ಮತ್ತಷ್ಟು. ಕಾಸು ಕೊಟ್ಟು ನೋಡಿದೆವಲ್ಲ, ಋಣವೆಲ್ಲಿಂದ ಬಂತು ಎನ್ನುವವರುಂಟು. ಕಾಸು ಆ ಒಂದು ಸಂಜೆಯ ಬೆಲೆ. ಸಂಜೆ ಕಳೆದ ಮೇಲೂ ಮನಸ್ಸಿನಲ್ಲಿ ನಿಂತುದಕ್ಕೆ ನಾವೇನೂ ತೆತ್ತಿಲ್ಲ.

2021ನೆಯ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರರು 46 ವರ್ಷ ವಯಸ್ಸಿನಲ್ಲಿ ತೀರಿಕೊಂಡಾಗ, ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಲಕ್ಷಾಂತರ ಜನ ಬಂದರು. ಅವರಲ್ಲಿ ಪುನೀತರನ್ನು ಮುಖತಃ ಬಲ್ಲವರು ಎಷ್ಟು ಮಂದಿ? ಆದರೂ ಆ ಕಣ್ಣೀರನ್ನು ಕಪಟವೆನ್ನುವುದು ಅನ್ಯಾಯ. ಅವರ ಕಣ್ಣುಗಳು ದಾನವಾದುವೆಂದು ಕೇಳಿ ಎಷ್ಟೋ ಜನ ತಾವೂ ನೇತ್ರದಾನಕ್ಕೆ ಹೆಸರು ಬರೆಸಿದರು. 2025ರ ಜುಲೈಯಲ್ಲಿ ಬಿ. ಸರೋಜಾದೇವಿಯವರು ಅಗಲಿದರು, ಅವರ ‘ಕಿತ್ತೂರು ಚೆನ್ನಮ್ಮ’ನನ್ನು ಈಗಲೂ ನೋಡಬಹುದು. ಇಂಥವರ ಮಟ್ಟಿಗೆ ನಮ್ಮ ನೆನಪಿಗೆ ಆಧಾರವಿದೆ: ಮುಖವಿದೆ, ಧ್ವನಿಯಿದೆ.

ಆಧಾರವೇ ಇಲ್ಲದವರ ಗತಿಯೇನು? ಕನ್ನಡದ ಮೊದಲನೆಯ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡುದು 1934ರಲ್ಲಿ. ಅದನ್ನು ತೆಗೆದದ್ದು ದೂರದ ಕೊಲ್ಹಾಪುರದಲ್ಲಿ. ವೈ. ವಿ. ರಾವ್ ನಿರ್ದೇಶಕರು; ರಂಗಭೂಮಿಯಿಂದ ಬಂದ ಸುಬ್ಬಯ್ಯನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾವ್ ರಾವಣ, ತ್ರಿಪುರಾಂಬ ಸುಲೋಚನೆ. ಮಾತು ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಹಿನ್ನೆಲೆಯ ಗಾಯಕರೆಂಬವರು ಆಗ ಇರಲಿಲ್ಲ. ನಟಿಸುವವರೇ ಕ್ಯಾಮೆರಾದೆದುರು ನಿಂತು ಹಾಡಬೇಕಾಗಿತ್ತು. ಆ ಚಿತ್ರದ ಒಂದು ಪ್ರತಿಯೂ ಈಗ ಉಳಿದಿಲ್ಲ. ಅಂದಿನ ನೈಟ್ರೇಟ್ ಸುರುಳಿ ಬೇಗ ಕೆಡುವ, ಬೆಂಕಿಗೆ ಸುಲಭವಾಗಿ ತುತ್ತಾಗುವ ವಸ್ತು. ಹಳೆಯ ಚಿತ್ರಗಳನ್ನು ಅವುಗಳೊಳಗಣ ಬೆಳ್ಳಿಗಾಗಿ ಕರಗಿಸಿದವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಿತ್ರಸಂಗ್ರಹಾಲಯವೆಂಬುದು ಹುಟ್ಟಿದುದೇ 1964ರಲ್ಲಿ.

ಹೀಗಿರುವಾಗ, ತ್ರಿಪುರಾಂಬೆಯವರ ಅಭಿನಯ ಅದ್ಭುತವಾಗಿತ್ತೆಂದು ನಾವು ಸಭೆಯಲ್ಲಿ ನುಡಿದರೆ ಅದು ಸ್ಮರಣೆಯಾದೀತೆ? ಅದು ಬರಿಯ ಉಪಚಾರದ ಮಾತು. ಕಾಣದುದನ್ನು ಹೊಗಳುವುದರಿಂದ ಹೋದವರಿಗೆ ಮರ್ಯಾದೆಯಿಲ್ಲ. ಮೊದಲಿಗರೆಲ್ಲರೂ ಮಹಾಪ್ರತಿಭಾಶಾಲಿಗಳೇ ಆಗಿರಬೇಕೆಂಬ ನಿಯಮವೂ ಇಲ್ಲ. ಮೊದಲು ಹೆಜ್ಜೆಯಿಟ್ಟರೆಂಬುದೇ ಸಾಲದೆ?

ನಮ್ಮ ಹಿರಿಯರು ಋಣಗಳನ್ನೆಣಿಸುವಾಗ ಪಿತೃಋಣವನ್ನೂ ಋಷಿಋಣವನ್ನೂ ಬೇರೆಬೇರೆಯಾಗಿಟ್ಟರು. ಒಂದು ಸಂತಾನದಿಂದ ತೀರುವುದು, ಇನ್ನೊಂದು ಅಧ್ಯಯನದಿಂದ. ನಟರ ಋಣವು ಈ ಎರಡನೆಯ ಜಾತಿಯದೆಂದು ನನ್ನ ಮತ. ಹೂವಿನ ಹಾರಕ್ಕೆ ಅದು ತೀರದು. ಊರಿನ ಹಳೆಯ ನಾಟಕದ ಕಂಪೆನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರ ಹೆಸರನ್ನು ತಪ್ಪಿಲ್ಲದೆ ಬರೆದಿಡುವುದು, ಅಟ್ಟದ ಮೇಲಣ ಹಸ್ತಪತ್ರಿಕೆಯನ್ನು ಗೆದ್ದಲಿಗೆ ಬಿಡದೆ ತೆಗೆದಿಡುವುದು, ಗ್ರಾಮಫೋನಿನ ತಟ್ಟೆಯಲ್ಲಿ ಹಾಡಿರುವವರು ಯಾರೆಂದು ಮನೆಯ ಹಿರಿಯರಿಂದ ಕೇಳಿ ಗುರುತುಹಾಕುವುದು, ಇವು ಯಾವ ವಿದ್ಯಾವಂತರ ಮನೆಯಲ್ಲೂ ಆಗಬಲ್ಲ ಕೆಲಸಗಳು. ‘ಸತಿ ಸುಲೋಚನ’ವನ್ನು ಹತ್ತು ವರ್ಷದ ಬಾಲಕನಾಗಿ ಕಂಡವರಿಗೆ ಈಗ ನೂರು ದಾಟಿರುತ್ತದೆ. ಅಂಥವರು ಯಾರಾದರೂ ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದರೆ, ತ್ರಿಪುರಾಂಬೆಯವರು ಹೇಗೆ ಹಾಡಿದರೆಂದು ಈ ತಿಂಗಳೇ ಹೋಗಿ ಕೇಳಬೇಕು.