ಸತ್ತವನ ಮಾತು ಕೇಳುವವರಾರು?

ಭಾನುವಾರದ ಎರಡನೆಯ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಾಲ್ಕೈದು ಜನ ನಿಂತಿದ್ದೆವು. 2023ರ ಮಳೆಗಾಲದ ಮಾತು. ನಮ್ಮ ಕಿರು ಕ್ರೈಸ್ತ ಸಮುದಾಯಕ್ಕೆ ಸೇರಿದ ವಾಚ್‌ಮನ್ ಒಬ್ಬರು ಆ ವಾರ ತೀರಿಕೊಂಡಿದ್ದರು. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ, ಬೆಳಗಿನ ಜಾವ ಸೈಕಲ್ ತುಳಿಯುತ್ತ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಕಡೆಗೆ ಹೋಗುತ್ತಿದ್ದಾಗ ಹಿಂದಿನಿಂದ ಬಂದ ಕಾರು ಬಡಿದಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು. ಅಂಗಳದಲ್ಲಿ ನಿಂತ ನಾವು ಮೊದಲು ಕೇಳಿಕೊಂಡದ್ದು ಏನು ಗೊತ್ತೇ? ಸೈಕಲ್ಲಿಗೆ ದೀಪ ಇತ್ತೇ? ರಸ್ತೆಯ ಮಧ್ಯಕ್ಕೆ ಬಂದಿದ್ದರೇ? ಒಬ್ಬರು ದನಿ ತಗ್ಗಿಸಿ, "ಸ್ವಲ್ಪ ಹಾಕಿಕೊಂಡಿದ್ದರೇನೋ" ಎಂದರು. ಕಾರು ಎಷ್ಟು ವೇಗದಲ್ಲಿತ್ತು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮರುದಿನದ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಸೈಕಲ್ ಸವಾರ 'ಏಕಾಏಕಿ ಅಡ್ಡ ಬಂದ' ಪರಿಣಾಮ ಕಾರಿಗೆ ಸಿಲುಕಿ ಸತ್ತನೆಂದು ಅದರ ಸಾರ. ಇದನ್ನು ಓದಿದಾಗ ನನಗೆ ಒಂದು ಸಣ್ಣ ಪ್ರಶ್ನೆ ಹುಟ್ಟಿತು. ಅಡ್ಡ ಬಂದನೆಂದು ಹೇಳಿದವರು ಯಾರು? ಆ ಹೊತ್ತಿನಲ್ಲಿ ರಸ್ತೆಯಲ್ಲಿದ್ದವರು ಇಬ್ಬರೇ. ಒಬ್ಬರ ಬಾಯಿ ಶಾಶ್ವತವಾಗಿ ಮುಚ್ಚಿತ್ತು. ಹಾಗಾದರೆ ಪತ್ರಿಕೆ ಬರೆದದ್ದು ಉಳಿದವನ ಮಾತನ್ನು. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ, ನಿಜವೂ ಇರಬಹುದು. ಆದರೆ ಒಬ್ಬನೇ ಸಾಕ್ಷಿಯ ಮಾತು, ಅದೂ ಆ ಮಾತಿನಿಂದ ಲಾಭ ಪಡೆಯುವವನ ಮಾತು, ಮರುದಿನ ಸಾವಿರಾರು ಮನೆಗಳಲ್ಲಿ ಕಾಫಿಯ ಜೊತೆ ಸತ್ಯವಾಗಿ ಕುಳಿತಿತು.

ಇನ್ನು ಟಿವಿ ವಾಹಿನಿಗಳು. ಸಿಸಿಟಿವಿ ಚಿತ್ರ ಸಿಕ್ಕಿತೆಂದರೆ ಅದರ ಮೇಲೊಂದು ಕೆಂಪು ವೃತ್ತ ಬರೆದು, ಒಬ್ಬ ಮನುಷ್ಯನ ಕೊನೆಯ ಉಸಿರನ್ನು ಹತ್ತು ಸಲ ತಿರುಗಿಸಿ ತೋರಿಸುತ್ತಾರೆ. ದೊಡ್ಡ ವಾಹನವಾದರೆ 'ಯಮಸ್ವರೂಪಿ', ಇಲ್ಲವಾದರೆ 'ವಿಧಿಯಾಟ'. ಎರಡರಲ್ಲೂ ಸ್ಟೇರಿಂಗ್ ಹಿಡಿದ ಮನುಷ್ಯ ಕಾಣೆಯಾಗುತ್ತಾನೆ ಎಂಬುದನ್ನು ಗಮನಿಸಿದ್ದೀರಾ? 'ನಿಯಂತ್ರಣ ತಪ್ಪಿದ ಕಾರು' ಎನ್ನುತ್ತೇವೆ, ಕಾರಿಗೇ ಮನಸ್ಸಿದ್ದು ಅದು ಮೊಂಡು ಹಿಡಿದ ಹಾಗೆ.

ನ್ಯಾಯವಾಗಿ ಹೇಳಬೇಕೆಂದರೆ, ನಮ್ಮ ಕನ್ನಡ ಪತ್ರಿಕೆಗಳಿಗೆ ಸೈಕಲ್ ಸವಾರರ ಮೇಲೆ ದ್ವೇಷವಿಲ್ಲ, ಇರುವುದು ಮರೆವು. ದ್ವೇಷ ನೋಡಬೇಕಾದರೆ ಬ್ರಿಟನ್ನಿನ ಕಡೆ ನೋಡಬೇಕು. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕಿಲ್ಲದ ಸೈಕಲ್ ಓಡಿಸುತ್ತಿದ್ದ ಯುವಕನೊಬ್ಬ ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದು ಆಕೆ ಸತ್ತಳು. 1861ರ ಹಳೆಯ ಕಾನೂನಿನಡಿ 2017ರಲ್ಲಿ ಅವನಿಗೆ 18 ತಿಂಗಳ ಸೆರೆಯಾಯಿತು. ಆ ತಾಯಿಯ ಸಾವು ದೊಡ್ಡ ಅನ್ಯಾಯವೇ. ಸೈಕಲ್ ಸವಾರನೂ ಕೊಲ್ಲಬಲ್ಲ ಎಂಬುದನ್ನು ಮರೆಯಬಾರದು. ಆದರೆ ಆ ಒಂದು ಪ್ರಕರಣಕ್ಕೆ ಅಲ್ಲಿನ ಪತ್ರಿಕೆಗಳು ಕೊಟ್ಟ ಮುಖಪುಟಗಳು, ಅದೇ ದೇಶದಲ್ಲಿ ಕಾರುಗಳಿಗೆ ಬಲಿಯಾಗುವ ಪಾದಚಾರಿಗಳಿಗೆ ಸಿಕ್ಕಲಿಲ್ಲ.

ಸತ್ತವನಲ್ಲೇ ತಪ್ಪು ಹುಡುಕುವ ಈ ಆತುರ ನಮಗೆ ಎಲ್ಲಿಂದ ಬಂತು? ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಯೇಸುವನ್ನು ಕೇಳಿದ್ದು ಇದನ್ನೇ: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಗಳೋ ಎಂದು. ಸಿಲೋವದ ಗೋಪುರ ಕುಸಿದು ಹದಿನೆಂಟು ಜನ ಸತ್ತಾಗ ಜೆರುಸಲೇಮಿನವರು ಮಾತಾಡಿಕೊಂಡದ್ದೂ ಇದನ್ನೇ ಇರಬೇಕು. ಎರಡು ಕಡೆಯೂ ಪ್ರಭು ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ನನಗನ್ನಿಸುವುದು ಇಷ್ಟು: ಸತ್ತವನದು ತಪ್ಪು ಎಂದಾದರೆ ನಮಗೆ ನೆಮ್ಮದಿ. ನಾನು ದೀಪ ಹಾಕಿಕೊಳ್ಳುತ್ತೇನೆ, ನಾನು ಕುಡಿಯುವುದಿಲ್ಲ, ಆದ್ದರಿಂದ ನಾನು ಸಾಯುವುದಿಲ್ಲ. ಇನ್ನೊಂದು ಕಾರಣವೂ ಇದೆ. ಅಂಗಳದಲ್ಲಿ ನಿಂತಿದ್ದ ನಮ್ಮೆಲ್ಲರ ಕೈಯಲ್ಲಿ ವಾಹನದ ಕೀಲಿ ಇತ್ತು. ನಾವು ಆ ವಾಚ್‌ಮನ್ನಿನ ಜಾಗದಲ್ಲಿ ನಮ್ಮನ್ನು ಇಟ್ಟು ನೋಡಿರಲಿಲ್ಲ, ಕಾರಿನವನ ಜಾಗದಲ್ಲಿ ಇಟ್ಟು ನೋಡಿದ್ದೆವು.

ಇನ್ನು ಕಾನೂನಿನ ಮಾತು. ಅಜಾಗರೂಕತೆಯಿಂದ ಸಾವು ತಂದವನಿಗೆ ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಮಿನಡಿ ಹೆಚ್ಚೆಂದರೆ ಎರಡು ವರ್ಷ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಬರಿಯ ದಂಡ ಕಟ್ಟಿ ಮನೆಗೆ ಹೋಗಲೂ ಅದರಲ್ಲಿ ದಾರಿಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಇದನ್ನು ಐದು ವರ್ಷಕ್ಕೆ ಏರಿಸಿತು. ಗುದ್ದಿ, ಯಾರಿಗೂ ತಿಳಿಸದೆ ಓಡಿಹೋದರೆ ಹತ್ತು ವರ್ಷ ಎಂಬ ಇನ್ನೊಂದು ಭಾಗವೂ ಅದರಲ್ಲಿತ್ತು. 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದಾದ್ಯಂತ ಮುಷ್ಕರ ಹೂಡಿದ ಮೇಲೆ, ಉಳಿದ ಸಂಹಿತೆಯ ಜೊತೆ ಆ ಭಾಗವನ್ನು ಜಾರಿಗೊಳಿಸದೆ ಸರ್ಕಾರ ತಡೆಹಿಡಿಯಿತು. ಚಾಲಕರ ಭಯವನ್ನೂ ನಾನು ಹಗುರವಾಗಿ ಕಾಣಲಾರೆ. ನಿಂತರೆ ಜನ ಹೊಡೆದು ಸಾಯಿಸುತ್ತಾರೆ ಎಂಬುದು ಅವರ ವಾದ. ಅದಕ್ಕೆ ಉದಾಹರಣೆಗಳೂ ಇವೆ. ಆದರೂ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 30,000ಕ್ಕೂ ಹೆಚ್ಚು ಮಂದಿ ಗುದ್ದಿ ಓಡಿಹೋದವರಿಗೆ ಬಲಿಯಾದವರು. ಪಾದಚಾರಿಗಳೇ 32,825 ಮಂದಿ.

ಶಿಕ್ಷೆಯ ವರ್ಷ ಎಷ್ಟಾದರೇನು, ಮೊದಲು ಅಪರಾಧ ರುಜುವಾತಾಗಬೇಕಲ್ಲ? 1998ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ, ಲಾರಿ ಮಗುಚಿ ಜನ ಸತ್ತ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅತಿವೇಗವೆಂದರೆ ಎಷ್ಟು ವೇಗವೆಂದು ಯಾವ ಸಾಕ್ಷಿಯೂ ಹೇಳದಿರುವಾಗ ವೇಗವೊಂದೇ ಅಜಾಗರೂಕತೆಗೆ ರುಜುವಾತಾಗದು ಎಂದು ಬಿಡುಗಡೆಯನ್ನು ಎತ್ತಿಹಿಡಿಯಿತು. ಇದು ಸರಿಯೇ. ಸಂಶಯದ ಮೇಲೆ ಯಾರನ್ನೂ ಸೆರೆಗೆ ಹಾಕಬಾರದು. ಆದರೆ ಬೆಳಗಿನ ಜಾವ ಐದೂವರೆಗೆ ಮಾಗಡಿ ರಸ್ತೆಯಲ್ಲಿ ವೇಗ ಅಳೆಯಲು ಯಾರು ನಿಂತಿರುತ್ತಾರೆ?

ಇಲ್ಲಿ ನಾವು ಎರಡು ಮಾತುಗಳನ್ನು ಬಿಡಿಸಿ ನೋಡಬೇಕು: ತಪ್ಪು ಮತ್ತು ಹೊಣೆ. ತಪ್ಪಿದ್ದವನಿಗೆ ಶಿಕ್ಷೆ. ಹೊಣೆ ಮಾತ್ರ ತಪ್ಪಿಗಿಂತ ದೊಡ್ಡದು. ವಿಮೋಚನಾಕಾಂಡದಲ್ಲಿ ಹಾಯುವ ಎತ್ತಿನ ಕಟ್ಟಳೆ ಇದೆ. ಎತ್ತು ಮೊದಲ ಸಲ ಹಾಯ್ದು ಮನುಷ್ಯ ಸತ್ತರೆ ಒಡೆಯ ನಿರಪರಾಧಿ. ಆದರೆ ಆ ಎತ್ತು ಹಾಯುವಂಥದ್ದೆಂದು ಮೊದಲೇ ತಿಳಿದಿದ್ದು, ಎಚ್ಚರಿಸಿದ ಮೇಲೂ ಕಟ್ಟಿಹಾಕದಿದ್ದರೆ ಒಡೆಯನೇ ಹೊಣೆ. ಹಳ್ಳಿಯಿಂದ ಬಂದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಗ ಕೇಳೋಣ, ಒಂದು ಟನ್ನಿಗೂ ಹೆಚ್ಚು ತೂಕದ ಕಬ್ಬಿಣ ಹಾಯುವಂಥದ್ದೆಂದು ನಮಗೆ ಇನ್ನೂ ಯಾರಾದರೂ ಎಚ್ಚರಿಸಬೇಕೇ? ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ 2269ನೆಯ ಪರಿಚ್ಛೇದದಲ್ಲಿ ಹೀಗೆಯೇ ವಿವೇಚಿಸುತ್ತದೆ. ಇಚ್ಛೆಯಿಲ್ಲದೆ ಆದ ಸಾವು ಕೊಲೆಯ ಪಾಪವಲ್ಲ. ಆದರೆ ತಕ್ಕ ಕಾರಣವಿಲ್ಲದೆ ಸಾವು ತರುವಂಥ ರೀತಿಯಲ್ಲಿ ನಡೆದುಕೊಂಡವನು, ಕೊಲ್ಲುವ ಮನಸ್ಸಿರಲಿಲ್ಲ ಎಂಬುದರಿಂದಲೇ ದೋಷಮುಕ್ತನಾಗುವುದಿಲ್ಲ. 2290ರಲ್ಲಿ ಕುಡಿತದಿಂದ ಅಥವಾ ವೇಗದ ಮೋಹದಿಂದ ರಸ್ತೆಯಲ್ಲಿ ತನ್ನ ಮತ್ತು ಪರರ ಸುರಕ್ಷತೆಯನ್ನು ಅಪಾಯಕ್ಕೊಡ್ಡುವುದನ್ನು ಗಂಭೀರ ಅಪರಾಧವೆಂದೇ ಹೇಳಿದೆ. ಯಾರೂ ಸಾಯದಿದ್ದರೂ ಅದು ಅಪರಾಧವೇ. ನಮ್ಮಲ್ಲಿ ಎಷ್ಟು ಜನ ಇದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇವೆ?

ಕಾನೂನಿನಲ್ಲಿಯೂ ಈ ದಾರಿ ಹೊಸದಲ್ಲ. 1987ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು (ನಮ್ಮ ಕರ್ನಾಟಕದವರೇ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದವರು), ತನ್ನ ತಪ್ಪಿಲ್ಲದೆ ವಾಹನಕ್ಕೆ ಸಿಕ್ಕ ಪಾದಚಾರಿಗೆ, ಚಾಲಕನ ತಪ್ಪಿರಲಿ ಬಿಡಲಿ, ಪರಿಹಾರ ಸಿಗುವುದೇ ಸಾಮಾಜಿಕ ನ್ಯಾಯವೆಂದು ಬರೆದರು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, 2022ರ ಏಪ್ರಿಲ್‌ನಿಂದ ತಪ್ಪು ರುಜುವಾತು ಮಾಡದೆಯೇ ಸಾವಿಗೆ ಐದು ಲಕ್ಷ ರೂಪಾಯಿ ಕೇಳಬಹುದು. ಗುದ್ದಿದವನು ಪತ್ತೆಯಾಗದಿದ್ದರೆ ಎರಡು ಲಕ್ಷ. ಅದಕ್ಕೆ ಮುಂಚೆ ಬರಿಯ 25,000 ಇತ್ತು. ಹೆಚ್ಚು ಬೇಕೆಂದರೆ ನ್ಯಾಯಮಂಡಳಿಯಲ್ಲಿ ತಪ್ಪು ತೋರಿಸಬೇಕು. ಅಲ್ಲಿ ವಿಮಾ ಕಂಪನಿಯ ವಕೀಲರು ಮೊದಲು ಎತ್ತುವ ಮಾತು ಯಾವುದು? ಸತ್ತವನ ಪಾಲೂ ತಪ್ಪಿನಲ್ಲಿದೆ, ಆದ್ದರಿಂದ ಹಣ ಕಡಿತವಾಗಬೇಕು ಎಂದು. ಪತ್ರಿಕೆಯ 'ಏಕಾಏಕಿ ಅಡ್ಡ ಬಂದ' ಎಂಬ ಮಾತೇ ಅಲ್ಲಿ ಕರಿಕೋಟು ತೊಟ್ಟು ಬರುತ್ತದೆ. ಇನ್ನೊಂದು ಕಹಿ ಸತ್ಯ: ಪರಿಹಾರವನ್ನು ಸತ್ತವನ ಸಂಪಾದನೆಯ ಮೇಲೆ ಲೆಕ್ಕ ಹಾಕುತ್ತಾರೆ. ಅದೇ ರಸ್ತೆ, ಅದೇ ಕಾರು. ಇಂಜಿನಿಯರನ ಜೀವಕ್ಕೊಂದು ಬೆಲೆ, ವಾಚ್‌ಮನ್ನಿನ ಜೀವಕ್ಕೊಂದು ಬೆಲೆ.

ಹಾಲೆಂಡ್ ದೇಶದ ಒಂದು ಸಂಗತಿ ನಮ್ಮಂಥ ವಾರಪತ್ರಿಕೆ ಓದುವವರಿಗೆ ವಿಶೇಷವಾಗಿ ತಿಳಿದಿರಬೇಕು. 1971ರಲ್ಲಿ ಅಲ್ಲಿ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದ ಆರು ವರ್ಷದ ಒಬ್ಬ ಹುಡುಗಿಯೂ ಅವರಲ್ಲೊಬ್ಬಳು. ಅವಳ ತಂದೆ ವಿಕ್ ಲಾಂಗೆನ್‌ಹಾಫ್ ಪತ್ರಕರ್ತರು. 1972ರ ಸೆಪ್ಟೆಂಬರಿನಲ್ಲಿ ಅವರು 'ದೆ ತೈಡ್' ಪತ್ರಿಕೆಯಲ್ಲಿ ಮಕ್ಕಳ ಕೊಲೆ ನಿಲ್ಲಿಸಿ ಎಂಬ ತಲೆಬರಹದ ಲೇಖನ ಬರೆದರು. 'ದೆ ತೈಡ್' 1845ರಲ್ಲಿ ಹುಟ್ಟಿದ ಕಥೋಲಿಕ ಪತ್ರಿಕೆ. ಅವರು 'ಅಪಘಾತ' ಎನ್ನಲಿಲ್ಲ, 'ಕೊಲೆ' ಎಂದರು. ಅದು ಅತಿಯಾಯಿತೆಂದು ಹೇಳಬಹುದು, ಮಗಳನ್ನು ಕಳೆದುಕೊಂಡ ತಂದೆಗೆ ಅದನ್ನು ಹೇಳುವ ಧೈರ್ಯ ನನಗಿಲ್ಲ. ಆ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು. ತಾಯಂದಿರು ಮಕ್ಕಳೊಂದಿಗೆ ರಸ್ತೆಗಿಳಿದರು. ಬರಬರುತ್ತ ಊರುಗಳ ರಸ್ತೆಗಳೇ ಬದಲಾದವು. ಇಂದು ಅಲ್ಲಿ ಕಾರು ಸೈಕಲ್ಲಿಗೆ ಬಡಿದರೆ, ಹದಿನಾಲ್ಕರೊಳಗಿನ ಮಗುವಿಗೆ ಸಾಮಾನ್ಯವಾಗಿ ಪೂರ್ತಿ ಪರಿಹಾರ, ದೊಡ್ಡವರಿಗೆ ಕನಿಷ್ಠ ಅರ್ಧ ಪರಿಹಾರ ಕಾರಿನ ಕಡೆಯಿಂದಲೇ. ಇದರಿಂದ ಚಾಲಕ ಅಪರಾಧಿಯಾಗುವುದಿಲ್ಲ, ಹೊಣೆಗಾರನಾಗುತ್ತಾನೆ ಅಷ್ಟೆ.

ಹಾಗೆಂದು ಚಾಲಕನನ್ನು ರಾಕ್ಷಸನನ್ನಾಗಿ ಮಾಡುವುದೂ ಸಲ್ಲದು. ಅರಿಯದೆ ಕೊಂದವನಿಗಾಗಿ ಹಳೆಯ ಒಡಂಬಡಿಕೆಯಲ್ಲಿ ಆಶ್ರಯದ ಪಟ್ಟಣಗಳಿದ್ದವು. ಸೇಡಿನಿಂದ ಅವನನ್ನು ಕಾಪಾಡುವುದು ಅವುಗಳ ಕೆಲಸ. ಆದರೆ ಪ್ರಧಾನ ಯಾಜಕ ಸಾಯುವ ತನಕ ಅವನು ಮನೆಗೆ ಮರಳುವಂತಿರಲಿಲ್ಲ. ಕೊಲೆಗಾರನಲ್ಲ, ಆದರೂ ಏನೂ ಆಗದವನಂತೆ ಬದುಕುವಂತಿಲ್ಲ. 2007ರಲ್ಲಿ ವ್ಯಾಟಿಕನ್ ಹೊರಡಿಸಿದ ರಸ್ತೆಯ ಪಾಲನಾ ಸೇವೆಯ ಮಾರ್ಗಸೂಚಿಯಲ್ಲಿ ಚಾಲಕರಿಗೆ ಹತ್ತು ಕಟ್ಟಳೆಗಳಿವೆ. ಬಲಹೀನರನ್ನು ಕಾಯಬೇಕೆಂಬುದು ಅವುಗಳಲ್ಲೊಂದು. ಸತ್ತವರ ಕುಟುಂಬಕ್ಕೆ ಆಸರೆಯಾಗಬೇಕೆಂಬುದು ಇನ್ನೊಂದು. ತಕ್ಕ ಸಮಯದಲ್ಲಿ ಚಾಲಕನನ್ನೂ ನೊಂದವರನ್ನೂ ಎದುರುಬದುರು ಕೂರಿಸಿ ಕ್ಷಮೆಗೆ ದಾರಿ ಮಾಡಬೇಕೆಂಬುದು ಮತ್ತೊಂದು. ನಮ್ಮ ವಾಚ್‌ಮನ್ನಿನ ಮನೆಗೆ ಕಾರಿನವರು ಬರಲಿಲ್ಲ. ಬರಬೇಡಿರೆಂದು ವಕೀಲರು ಹೇಳಿದ್ದಿರಬಹುದು. ಬಂದರೆ ತಪ್ಪೊಪ್ಪಿಕೊಂಡ ಹಾಗಾಗುತ್ತದಂತೆ.

ರಸ್ತೆ ಮಾಡುವವರ ಪಾಲೂ ಇದೆ. ಮಾಳಿಗೆಗೆ ಕೈಪಿಡಿ ಗೋಡೆ ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತ ಮನೆಯೊಡೆಯನ ಮೇಲೆ ಎನ್ನುತ್ತದೆ ಧರ್ಮೋಪದೇಶಕಾಂಡ. ಕೆಂಗೇರಿಯಾಚೆ ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಸಾವುಗಳು ಹೆಚ್ಚಿದವು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು, ಸೈಕಲ್ಲುಗಳಿಗೆ ಮುಖ್ಯ ಪಥದಲ್ಲಿ ನಿಷೇಧ ಬಂತು. ಆ ವೇಗದ ನಡುವೆ ಸೈಕಲ್ ಇರಬಾರದೆಂಬುದು ಒಪ್ಪತಕ್ಕ ಮಾತು. ಆದರೂ ಪಕ್ಕಕ್ಕೆ ಸರಿಯಬೇಕಾದವನು ಯಾವಾಗಲೂ ಸೈಕಲ್ಲಿನವನೇ ಏಕೆ? ವಿಜಯನಗರ, ಬಸವೇಶ್ವರನಗರದ ಒಳರಸ್ತೆಗಳಲ್ಲಿ ಪಕ್ಕಕ್ಕೆ ಸರಿಯಲು ಜಾಗವಾದರೂ ಎಲ್ಲಿದೆ? ಅಲ್ಲಿ ನಮ್ಮ ಕಾರುಗಳು ನಿಂತಿವೆ.

ತಿಂಗಳ ಪೂಜೆಗೆ ಆ ಮನೆಗೆ ಹೋದಾಗ ತಾಯಿ ಪರಿಹಾರದ ಮಾತೆತ್ತಲಿಲ್ಲ. ಕಾರನ್ನು ಕೆಲವೇ ದಿನಗಳಲ್ಲಿ ವಕೀಲರು ಬಿಡಿಸಿಕೊಂಡು ಹೋಗಿದ್ದರು. ಸೈಕಲ್ಲು ಮಾತ್ರ ಮುದ್ದೆಮಾಲಾಗಿ ಠಾಣೆಯ ಹಿತ್ತಲಲ್ಲಿ ಮಳೆಗೆ ನೆನೆಯುತ್ತಿತ್ತು. ಬೇಕಾದರೆ ನ್ಯಾಯಾಲಯದಿಂದ ಆದೇಶ ತನ್ನಿ ಎಂದಿದ್ದರಂತೆ. ಮಗನಿಗೆ ಕಾಮಾಕ್ಷಿಪಾಳ್ಯದಲ್ಲಿ ಕೆಲಸ ಸಿಕ್ಕಿದೆ, ಬೆಳಿಗ್ಗೆ ಆರಕ್ಕೇ ಹೋಗಬೇಕು, ಬಸ್ಸಿಗೆ ದಿನಾ ದುಡ್ಡು ಕೊಡಲಾಗುವುದಿಲ್ಲ ಎಂದರು ಆಕೆ. ಹಿಂದಿನ ಚಕ್ರ ಸೊಟ್ಟಗಾಗಿದೆ, ಅದನ್ನು ರಿಪೇರಿ ಮಾಡಿಸಿಕೊಳ್ಳುತ್ತೇವೆ, ಆ ಸೈಕಲ್ಲನ್ನು ಹೇಗಾದರೂ ಬಿಡಿಸಿಕೊಡಿ ಎಂದು ಗುರುಗಳನ್ನು ಕೇಳಿಕೊಂಡರು.