ನಾಯಕ ಸತ್ತ ಮೇಲೂ ಮುಂದುವರಿಯುವ ಕಥೆ



ಕೌಬಾಯ್ ಚಿತ್ರಗಳ ಕಥೆ ನಮಗೆಲ್ಲ ಬಾಯಿಪಾಠ. ನಾಯಕ ಕುದುರೆ ಏರಿ ಊರಿಗೆ ಬರುತ್ತಾನೆ, ದುಷ್ಟರನ್ನು ಗುಂಡಿಟ್ಟು ಕೊಲ್ಲುತ್ತಾನೆ, ಬಂದ ಹಾಗೆಯೇ ಹೊರಟುಹೋಗುತ್ತಾನೆ. ನಡುವೆ ಮದ್ಯದಂಗಡಿಯಲ್ಲಿ ಸತ್ತು ಬಿದ್ದವರ ಹೆಸರು ಯಾರಿಗೂ ಗೊತ್ತಿಲ್ಲ. ಅವರಿಗೂ ಮನೆಮಠ ಇತ್ತೇ ಎಂದು ನಾವು ಕೇಳುವುದೂ ಇಲ್ಲ. ನಾಯಕನ ಗುಂಡಿಗೆ ಬೀಳುವುದಷ್ಟೇ ಅವರ ಪಾತ್ರ.

ಈ ಅಭ್ಯಾಸವನ್ನು ಅಲುಗಾಡಿಸುವ ಚಿತ್ರವೊಂದು 2018ರಲ್ಲಿ ಬಂತು. ಅಮೆರಿಕದ ಜೋಯೆಲ್ ಮತ್ತು ಈಥನ್ ಕೋಯೆನ್ ಸಹೋದರರ 'ದ ಬ್ಯಾಲಡ್ ಆಫ್ ಬಸ್ಟರ್ ಸ್ಕ್ರಗ್ಸ್'. ನಮ್ಮ ಯುವಜನರಲ್ಲಿ ಕೆಲವರು ಇದನ್ನು ನೆಟ್‌ಫ್ಲಿಕ್ಸ್‌ನಲ್ಲಿ ನೋಡಿರಬಹುದು. ಹಳೆಯ ಪುಸ್ತಕವೊಂದರ ಪುಟ ತಿರುವಿದಂತೆ ಆರು ಬಿಡಿ ಕಥೆಗಳು ಬರುತ್ತವೆ. ಪುಟ್ಟಣ್ಣ ಕಣಗಾಲರು 1976ರ 'ಕಥಾಸಂಗಮ'ದಲ್ಲಿ ಮೂರು ಕಥೆಗಳನ್ನು ಒಂದೇ ಚಿತ್ರವಾಗಿ ಪೋಣಿಸಿದ್ದು ಹಿರಿಯರಿಗೆ ನೆನಪಿರಬಹುದು. ಇದೂ ಅದೇ ಬಗೆಯದು. ರಕ್ತಪಾತ ಸಾಕಷ್ಟಿದೆ, ಮಕ್ಕಳ ಜೊತೆ ಕುಳಿತು ನೋಡುವ ಚಿತ್ರವಲ್ಲ.

ಮೊದಲ ಕಥೆಯ ಬಸ್ಟರ್ ಬಿಳಿ ಉಡುಪು ತೊಟ್ಟು, ಗಿಟಾರ್ ನುಡಿಸುತ್ತ, ಹಾಡುತ್ತ ಬರುತ್ತಾನೆ. ಗುಂಡು ಹಾರಿಸುವುದರಲ್ಲಿ ತನಗೆ ಸಮಾನರಿಲ್ಲವೆಂಬ ನಂಬಿಕೆ ಅವನದು. ಚಿತ್ರಕ್ಕೆ ಅವನದೇ ಹೆಸರು. ಆದರೆ ಮೊದಲ ಕಥೆಯಲ್ಲೇ ಅವನಿಗಿಂತ ಚುರುಕಾದ ಯುವಕನೊಬ್ಬ ಅವನನ್ನು ಕೊಲ್ಲುತ್ತಾನೆ. ಪುಟ ತಿರುಗುತ್ತದೆ, ಇನ್ನೊಬ್ಬರ ಕಥೆ ಶುರುವಾಗುತ್ತದೆ. ಈ ಬಿಡಿಕಥೆಗಳ ಚಿತ್ರದ ಸೆಳೆತ ಇರುವುದು ಇಲ್ಲೇ ಎಂದು ನನಗನಿಸುತ್ತದೆ. ನಾನೇ ಈ ಲೋಕದ ನಾಯಕ ಎಂದುಕೊಂಡವನೂ ಆರರಲ್ಲಿ ಒಬ್ಬ, ಅಷ್ಟೇ.

ಹಾಗಾದರೆ ನಮ್ಮ ಎದುರಿಗಿರುವ ಮನುಷ್ಯ ಯಾರು? ನಮ್ಮ ಕಥೆಯಲ್ಲೊಂದು ಸಣ್ಣ ಪಾತ್ರವೇ? ಇಲ್ಲ, ಅವನದೇ ಒಂದು ಪೂರ್ಣ ಕಥೆಯೇ?

ಮೂರನೆಯ ಕಥೆ ಈ ಪ್ರಶ್ನೆಯನ್ನು ನೇರವಾಗಿ ಎತ್ತುತ್ತದೆ. ಕೈಕಾಲಿಲ್ಲದ ಯುವಕಲಾವಿದನೊಬ್ಬನನ್ನು ಗಾಡಿಯಲ್ಲಿಟ್ಟುಕೊಂಡು ಒಬ್ಬ ಊರೂರು ಸುತ್ತುತ್ತಾನೆ. ಕಲಾವಿದ ಕವಿತೆ, ನಾಟಕದ ಮಾತು, ಆದಿಕಾಂಡದ ಕಾಯಿನನ ಕಥೆ ಎಲ್ಲವನ್ನೂ ಮನಮುಟ್ಟುವಂತೆ ನುಡಿಯುತ್ತಾನೆ. ಗಾಡಿಯವನು ಅವನಿಗೆ ಉಣಿಸುತ್ತಾನೆ, ಉಡಿಸುತ್ತಾನೆ, ಮಲಗಿಸುತ್ತಾನೆ. ಚಳಿಗಾಲ ಬಂತು, ಜನ ಕಡಿಮೆಯಾದರು, ಕಾಸೂ ಕಡಿಮೆಯಾಯಿತು. ಲೆಕ್ಕ ಮಾಡುವ ಕೋಳಿಯೊಂದರ ಸುತ್ತ ಜನ ಸೇರಿದ್ದನ್ನು ಕಂಡು ಗಾಡಿಯವನು ಅದನ್ನು ಕೊಂಡ. ದಾರಿಯಲ್ಲಿ ಸೇತುವೆಯ ಬಳಿ ಗಾಡಿ ನಿಲ್ಲಿಸಿ ದೊಡ್ಡ ಕಲ್ಲೊಂದನ್ನು ಹೊಳೆಗೆ ಎಸೆದು ನೋಡುತ್ತಾನೆ. ಮುಂದಿನ ದೃಶ್ಯದಲ್ಲಿ ಗಾಡಿಯಲ್ಲಿ ಕೋಳಿ ಮಾತ್ರ ಇದೆ.

ಗಮನಿಸಿ, ತಮ್ಮನನ್ನು ಕೊಂದ ಅಣ್ಣನ ಕಥೆಯನ್ನು ಗಾಡಿಯವನು ಊರೂರಲ್ಲೂ ಕೇಳಿದವನೇ. ಕೇಳಿದ್ದು ಕಿವಿಯಲ್ಲೇ ಉಳಿಯಿತು. ವಾರವಾರ ವಾಚನ ಕೇಳುವ ನಮಗೂ ಇಲ್ಲಿ ಒಂದು ಎಚ್ಚರಿಕೆ ಇದೆ. ಅವನ ಆರೈಕೆಯೂ ಸುಳ್ಳಾಗಿರಲಿಲ್ಲ, ಆದರೆ ಅದು ಸಂಪಾದನೆಗೆ ಕಟ್ಟಿದ ಆರೈಕೆ. ದುಡಿಯುವ ತನಕ ಅಪ್ಪ, ಹಾಸಿಗೆ ಹಿಡಿದ ಮೇಲೆ ಹೊರೆ ಎಂದು ಯೋಚಿಸುವ ಮನೆಗೂ ಆ ಗಾಡಿಗೂ ದೂರ ಹೆಚ್ಚಿಲ್ಲ.

ನಾಲ್ಕನೆಯ ಕಥೆಯಲ್ಲಿ ಚಿನ್ನ ಹುಡುಕುವ ಮುದುಕನೊಬ್ಬ ಮರ ಹತ್ತಿ ಗೂಬೆಯ ಗೂಡಿನಿಂದ ಮೊಟ್ಟೆಗಳನ್ನು ತೆಗೆಯುತ್ತಾನೆ. ತಾಯಿಗೂಬೆ ನೋಡುತ್ತಿರುವುದು ಕಾಣುತ್ತದೆ. ಒಂದನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಹಿಂದಿಡುತ್ತಾನೆ. ಹಸಿವು ಹೋಗಿರಲಿಲ್ಲ, ಆದರೆ ಆ ಗೂಡು ಇನ್ನೊಂದು ಜೀವದ್ದೆಂದು ಅವನಿಗೆ ಹೊಳೆಯಿತು. ನೀತಿ ಎಂಬುದು ಶುರುವಾಗುವುದು ಇಷ್ಟು ಸಣ್ಣದರಿಂದಲೇ.

ಇಷ್ಟೆಲ್ಲ ತಿಳಿದ ಚಿತ್ರವೂ ಒಂದು ಕಡೆ ಎಡವುತ್ತದೆ. ಆ ನೆಲದ ಮೂಲನಿವಾಸಿಗಳು ಇಲ್ಲಿ ಬರುವುದು ದಾಳಿ ಮಾಡುವವರಾಗಿ ಮಾತ್ರ. ಹಳೆಯ ಕೌಬಾಯ್ ಚಿತ್ರಗಳ ರೀತಿಯನ್ನೇ ಅನುಸರಿಸಿದ್ದಾರೆ ಎನ್ನಬಹುದು. ಆದರೂ ಆರರಲ್ಲಿ ಒಂದು ಕಥೆಯೂ ಅವರದಲ್ಲ. ಯಾರಿಗೆ ಪುಟವೇ ಸಿಗಲಿಲ್ಲ ಎಂಬುದನ್ನು ಕೇಳುವುದು ನೋಡುಗರಾದ ನಮ್ಮ ಕೆಲಸ. ಹಲವು ಭಾಷೆಗಳ ನಡುವೆ ಸಣ್ಣ ಗುಂಪಾಗಿ ಬದುಕುವ ನಮಗೆ ಈ ಪ್ರಶ್ನೆ ಬೇಗ ಅರ್ಥವಾಗಬೇಕು.

ಕೊನೆಯ ಕಥೆಯಲ್ಲಿ ಕುದುರೆಗಾಡಿಯೊಳಗೆ ಪ್ರಯಾಣಿಕರು ವಾದ ಮಾಡುತ್ತಾರೆ. ಮನುಷ್ಯರೆಲ್ಲ ಒಂದೇ ಎನ್ನುತ್ತಾನೆ ಒಬ್ಬ. ಒಳ್ಳೆಯವರು, ಪಾಪಿಗಳು ಎಂದು ಎರಡೇ ಬಗೆ ಎನ್ನುತ್ತಾಳೆ ಭಕ್ತೆಯಾದ ಹೆಂಗಸು. ಒಬ್ಬನ ಬದುಕನ್ನು ಇನ್ನೊಬ್ಬ ಪೂರ್ತಿ ಅರಿಯಲಾರ ಎನ್ನುತ್ತಾನೆ ಮೂರನೆಯವನು. ಗಾಡಿಯ ಮೇಲೆ ಶವವೊಂದಿದೆ, ಗಾಡಿ ಎಲ್ಲೂ ನಿಲ್ಲುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರಿಗೆ ಎರಡನೆಯ ಉತ್ತರ ರೂಢಿ. ಆದರೆ ಯೇಸುಸ್ವಾಮಿ ಸುಂಕದವನ ಮನೆಗೆ ಊಟಕ್ಕೆ ಹೋದಾಗ ಆ ಎರಡು ಪಟ್ಟಿಗಳನ್ನು ಪಕ್ಕಕ್ಕಿಟ್ಟು, ಒಬ್ಬ ಮನುಷ್ಯನನ್ನು ಹೆಸರು ಹಿಡಿದು ಕರೆದರು. ಗಾಡಿ ನಿಲ್ಲುವುದಿಲ್ಲ ನಿಜ. ಪಕ್ಕದಲ್ಲಿ ಕುಳಿತವರ ಹೆಸರು ಕೇಳಿ ತಿಳಿಯಲು ದಾರಿಯಲ್ಲಿ ಸಮಯವಿದೆ.