ಕೋಸಿನ ಮೇಲಿನ ಅಪವಾದ

ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಸ್ವಲ್ಪ ಏರಿದರೆ ಸಾಕು, ಮೊದಲು ಮನೆ ಬಿಡುವುದು ಎಲೆಕೋಸು. ಅದರ ಹಿಂದೆಯೇ ಹೂಕೋಸು, ನವಿಲುಕೋಸು, ಮೂಲಂಗಿ.

ಕೋಸು ಥೈರಾಯ್ಡ್ ಕೆಡಿಸುತ್ತದೆ ಎಂಬ ಅಪವಾದ ಪೂರ್ತಿ ಸುಳ್ಳೇನಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬೇರೇನೋ ಸಂಶೋಧನೆಗೆಂದು ಸಾಕಿದ್ದ ಮೊಲಗಳಿಗೆ ಗಳಗಂಡ ಬಂದದ್ದು 1928ರಲ್ಲಿ ವರದಿಯಾಯಿತು. ಕಾರಣ ಹುಡುಕುತ್ತ ಹೋದವರ ಕಣ್ಣಿಗೆ ಬಿದ್ದದ್ದು ಅವಕ್ಕೆ ಹಾಕುತ್ತಿದ್ದ ಕೋಸು.

ಹಸಿ ಕೋಸು ಹೆಚ್ಚುವಾಗ ಮೂಗಿಗೆ ಬಡಿಯುವ ಘಾಟು ಇದೆಯಲ್ಲ, ವಿಷಯ ಇರುವುದೇ ಅಲ್ಲಿ. ಎಲೆಯೊಳಗೆ ಗ್ಲುಕೋಸಿನೊಲೇಟ್‌ಗಳು ಒಂದು ಕಡೆ, ಮೈರೊಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ತೆಪ್ಪಗಿರುತ್ತವೆ. ಚಾಕು ಆಡಿತೋ, ಹಲ್ಲು ಕಡಿಯಿತೋ, ಎರಡೂ ಕೂಡುತ್ತವೆ. ಇದರಿಂದ ಉಂಟಾಗುವ ಥಯೊಸಯನೇಟ್, ಥೈರಾಯ್ಡ್ ಗ್ರಂಥಿಗೆ ಹೋಗಬೇಕಾದ ಅಯೋಡಿನ್‌ಗೆ ಬಾಗಿಲಲ್ಲೇ ಅಡ್ಡ ನಿಲ್ಲುತ್ತದೆ. ಗೊಯ್ಟ್ರಿನ್ ಎಂಬ ಇನ್ನೊಂದು ವಸ್ತು ಒಳಗೆ ಹಾರ್ಮೋನು ತಯಾರಾಗುವುದನ್ನೇ ತಡೆಯುತ್ತದೆ. ಕೋಸನ್ನು ಚೆನ್ನಾಗಿ ಬೇಯಿಸಿದರೆ ಕಿಣ್ವ ಕೆಟ್ಟು, ಈ ಆಟ ಬಹುಮಟ್ಟಿಗೆ ನಿಲ್ಲುತ್ತದೆ.

ಹಾಗಾದರೆ ಎಷ್ಟು ತಿಂದರೆ ಅಪಾಯ? ನ್ಯೂಯಾರ್ಕಿನ ವೈದ್ಯರು 2010ರಲ್ಲಿ 88 ವರ್ಷದ ಚೀನೀ ಅಜ್ಜಿಯೊಬ್ಬರ ಪ್ರಕರಣ ಬರೆದಿದ್ದರು. ಸಕ್ಕರೆ ಕಾಯಿಲೆ ಹತೋಟಿಗೆ ಬರಲೆಂದು ಆಕೆ ಬಾಕ್ ಚಾಯ್ ಎಂಬ ಚೀನಾ ಕೋಸನ್ನು ದಿನಕ್ಕೆ ಒಂದರಿಂದ ಒಂದೂವರೆ ಕಿಲೊ, ಹಸಿಯಾಗಿಯೇ, ತಿಂಗಳುಗಟ್ಟಲೆ ತಿಂದಿದ್ದರು. ಥೈರಾಯ್ಡ್ ಕೈಕೊಟ್ಟು ಮಿಕ್ಸೆಡಿಮಾ ಕೋಮಾಕ್ಕೆ ಜಾರಿದರು. ಒಂದೂವರೆ ಕಿಲೊ ಕೋಸಿನ ಪಲ್ಯ ಎಷ್ಟು ಎಲೆಗೆ ಬಡಿಸಲು ಸಾಕಾಗುತ್ತದೆಂದು ಮದುವೆಮನೆಯ ಬಾಣಸಿಗರನ್ನೇ ಕೇಳಿ! ಇತ್ತ 1986ರ ಒಂದು ಪ್ರಯೋಗದಲ್ಲಿ, ಮರಿಕೋಸನ್ನು ಬೇಯಿಸಿ ದಿನಕ್ಕೆ 150 ಗ್ರಾಂನಂತೆ ನಾಲ್ಕು ವಾರ ತಿಂದವರ ಥೈರಾಯ್ಡ್ ಜಪ್ಪೆನ್ನಲಿಲ್ಲ.

ಹಾಗಾಗಿ ಮೂಲಂಗಿ ಕೋಸಂಬರಿಗೂ ನವಿಲುಕೋಸಿನ ಸಾಂಬಾರಿಗೂ ಹೆದರುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ನನಗೆ ಅನುಮಾನ ಇರುವುದು ಈಚಿನ ಹಸಿರು ಜ್ಯೂಸಿನ ಮೇಲೆ. ಬೆಳಗಾದರೆ ಹಸಿ ಕೇಲ್, ಹಸಿ ಕೋಸು ರುಬ್ಬಿ ದೊಡ್ಡ ಲೋಟ ಭರ್ತಿ. ಜೊತೆಗೆ ಅಯೋಡಿನ್ ಬೆರೆತ ಉಪ್ಪು ಬಿಟ್ಟು ಸೈಂಧವ ಲವಣದ ವ್ರತ. ಅಡ್ಡ ನಿಲ್ಲುವವರೂ ಹೆಚ್ಚಾದರು, ಒಳಗೆ ಬರಬೇಕಾದ ಅಯೋಡಿನ್ನೂ ಕಡಿಮೆಯಾಯಿತು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಬರೀ 150 ಮೈಕ್ರೊಗ್ರಾಂ ಅಯೋಡಿನ್, ಬಸುರಿಯರಿಗೆ ಇನ್ನಷ್ಟು. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ 1956ರಿಂದ ನಡೆದ ಅಧ್ಯಯನದಲ್ಲಿ ಗಳಗಂಡ ಇಳಿದದ್ದು ಅಯೋಡಿನ್ ಬೆರೆಸಿದ ಉಪ್ಪಿನಿಂದ. ಯಾರೂ ಯಾವ ತರಕಾರಿಯನ್ನೂ ಬಿಡಬೇಕಾಗಲಿಲ್ಲ.

ಕೋಸು ಬಿಟ್ಟವರಲ್ಲೇ ಎಷ್ಟೋ ಮಂದಿ ಥೈರಾಕ್ಸಿನ್ ಮಾತ್ರೆ ನುಂಗಿದ ಬೆನ್ನಿಗೇ ಫಿಲ್ಟರ್ ಕಾಫಿ ಹೀರುತ್ತಾರೆ. ಮಾತ್ರೆ ಮೈಗೆ ಹತ್ತುವುದನ್ನು ಆ ಕಾಫಿ ತಗ್ಗಿಸುತ್ತದೆ. ಅರ್ಧ ಗಂಟೆಯಾದರೂ ಕಾಯಬೇಕು, ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗಂತೂ ನಾಲ್ಕು ಗಂಟೆ ಅಂತರ ಬೇಕು.